ಗೂಡಿನಲ್ಲಿಟ್ಟ ಗೋಲಿಯಲ್ಲ ಕಣ್ಣು

ನಮ್ಮ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಾಲ್ಲೂಕಿನಲ್ಲಿ ಕಣ್ಣಿನ ಶಿಬಿರ ನಡೆದಾಗಲೆಲ್ಲ ಮನೆಮಂದಿ ಕರೆದರು, ಆಕೆ ಹೊರಡಲಿಲ್ಲ. ಹಣದ ಚಿಂತೆಯಲ್ಲ, ನೋವಿನ ಅಂಜಿಕೆಯೂ ಅಲ್ಲ. ‘ಗುಡ್ಡೆ ಕಿತ್ತು ಕೆನ್ನೆ ಮೇಲೆ ಇಟ್ಕೊಂಡು, ತೊಳೆದು, ಮತ್ತೆ ಒಳಗೆ ಕೂರಿಸ್ತಾರಂತೆ. ಕೂರದೇ ಹೋದ್ರೆ ಏನು ಮಾಡ್ಲಿ?’ ಅನ್ನುತ್ತಿದ್ದಳು. ಹಾಗೆ ನಾಲ್ಕು ವರ್ಷ ಮಂಜಿನೊಳಗೇ ಓಡಾಡಿದಳು. ಆಪರೇಷನ್ ಮಾಡಿಸಿಕೊಂಡು ಬಂದ ಪಕ್ಕದ ಮನೆಯಾಕೆ ಸರಸರ ಅಕ್ಕಿಯ ಕಲ್ಲು ಆರಿಸುತ್ತಿದ್ದಾಳೆಂದು ಗೊತ್ತಾದ ಮೇಲೆಯೇ ಅಜ್ಜಿ ಗಟ್ಟಿ ಮನಸ್ಸು ಮಾಡಿದ್ದು.

ಈ ಭಯ ಅಜ್ಜಿಯೊಬ್ಬಳದಲ್ಲ. ಈಗಲೂ ಹಳ್ಳಿಯ ಜಗಲಿಗಳಲ್ಲಿ ಕೇಳಿಬರುತ್ತದೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹಳೇ ಮನೆಗಳ ಗೋಡೆಯಲ್ಲಿ ದೀಪಕ್ಕೆಂದೇ ಗೂಡು ಇರುತ್ತಿತ್ತಲ್ಲ. ಸಂಜೆ ದೀಪ ಇಟ್ಟರೆ ಇಟ್ಟಂತೆ, ಎತ್ತಿದರೆ ಎತ್ತಿದಂತೆ. ಗೂಡಿಗೂ ದೀಪಕ್ಕೂ ಬೇರೆ ನಂಟಿಲ್ಲ. ಕಣ್ಣಗೂಡು, ಕಣ್ಣುಗುಡ್ಡೆ ಎಂಬ ಮಾತುಗಳನ್ನು ಕೇಳಿದಾಗ ಮನಸ್ಸಿನಲ್ಲಿ ಮೂಡುವುದೂ ಅಂಥದೇ ಚಿತ್ರ: ಒಂದು ಗುಳಿ, ಅದರಲ್ಲೊಂದು ಗೋಲಿ. ಓದಿದವರ ಕಲ್ಪನೆಯೂ ಬಹುಮಟ್ಟಿಗೆ ಇಷ್ಟೇ. ಶಾಲೆಯ ಪುಸ್ತಕದ ಚಿತ್ರದಲ್ಲಿ ಕಣ್ಣು ಬಿಳಿ ಹಾಳೆಯ ನಡುವೆ ಒಂಟಿಯಾಗಿ ತೇಲುತ್ತಿರುತ್ತದೆ. ಕಾರ್ನಿಯಾ, ಪಾಪೆ, ಮಸೂರ, ಅಕ್ಷಿಪಟಲ ಎಂದು ಬಾಣದ ಗುರುತು ಹಾಕಿ ಹೆಸರು ಬರೆದು ಅಂಕ ಪಡೆದಿದ್ದೇವೆ. ಆ ಗೋಳ ಯಾವ ಮನೆಯಲ್ಲಿದೆ, ಯಾರ ಪಕ್ಕದಲ್ಲಿದೆ, ಯಾವುದಕ್ಕೆ ಕಟ್ಟಿಕೊಂಡಿದೆ ಎಂಬುದನ್ನು ಯಾರೂ ಕೇಳಲಿಲ್ಲ. ಕಣ್ಣಿಗೆ ಬರುವ ಅನೇಕ ಆಪತ್ತುಗಳ ಗುಟ್ಟು ಇರುವುದು ಅಲ್ಲಿಯೇ.

ಮೊದಲು ಮನೆಯ ಅಳತೆ. ಕಣ್ಣಗೂಡು ದುಂಡಗಿನ ಗುಳಿಯಲ್ಲ. ಅಡ್ಡ ಮಲಗಿಸಿದ ಲಾಳಿಕೆಯಂತಿದೆ. ಅಗಲದ ಬಾಯಿ ಮುಖದ ಕಡೆಗೆ, ಸಣ್ಣ ತುದಿ ತಲೆಯೊಳಕ್ಕೆ. ಆಳ 4ರಿಂದ 4.5 ಸೆಂಟಿಮೀಟರ್. ಒಳಗೆ ಹಿಡಿಸುವುದು ಸುಮಾರು 30 ಮಿಲಿಲೀಟರ್, ಅಂದರೆ ಕೆಮ್ಮಿನ ಔಷಧದ ಮೂರು ಮುಚ್ಚಳ. ಕಣ್ಣುಗುಡ್ಡೆಯ ಅಡ್ಡಳತೆಯೋ 24 ಮಿಲಿಮೀಟರ್, ಹೆಚ್ಚುಕಡಿಮೆ ಐದು ರೂಪಾಯಿ ನಾಣ್ಯದಷ್ಟು. ಅದು ತುಂಬುವ ಜಾಗ 7 ಮಿಲಿಲೀಟರಿನಷ್ಟು. ಹಾಗಾದರೆ ಗೂಡಿನ ಮುಕ್ಕಾಲು ಪಾಲಿಗೂ ಹೆಚ್ಚು ಜಾಗದಲ್ಲಿ ಇರುವುದು ಕಣ್ಣಲ್ಲ! ಮೆತ್ತನೆಯ ಕೊಬ್ಬು, ಸ್ನಾಯು, ನರ, ರಕ್ತನಾಳ, ಕಣ್ಣೀರಿನ ಗ್ರಂಥಿ ಅಲ್ಲಿ ಒತ್ತೊತ್ತಾಗಿವೆ. ಮಾವಿನ ಹಣ್ಣನ್ನು ಹುಲ್ಲಿನಲ್ಲಿ ಹೂತಿಟ್ಟ ಹಾಗೆ ಕಣ್ಣು ಈ ಕೊಬ್ಬಿನ ಮೆತ್ತೆಯಲ್ಲಿ ಕೂತಿದೆ. ಮೆತ್ತೆ ಕುಗ್ಗಿದರೆ ಕಣ್ಣು ಗುಳಿ ಬೀಳುತ್ತದೆ. ವಾಂತಿಭೇದಿಯಾದ ಮಗುವಿನಲ್ಲಿ ಹೀಗಾಗುವುದು ಮೈಯ ನೀರು ಬತ್ತಿದ್ದಕ್ಕೆ ಗುರುತು. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು.

ಈ ಲಾಳಿಕೆಯನ್ನು ಏಳು ಮೂಳೆಗಳು ಸೇರಿ ಕಟ್ಟಿವೆ. ಹಣೆಯ ಮೂಳೆ, ಕೆನ್ನೆಯ ಮೂಳೆ, ಮೇಲ್ದವಡೆ ನಮ್ಮ ಬೆರಳಿಗೇ ಸಿಗುತ್ತವೆ. ಕಣ್ಣಿನ ಸುತ್ತ ಒತ್ತಿ ನೋಡಿದರೆ ಗಟ್ಟಿ ಅಂಚು ತಿಳಿಯುತ್ತದೆ. ಉಳಿದ ನಾಲ್ಕು ಒಳಗಿವೆ. ಅವುಗಳಲ್ಲೊಂದು ಬೆರಳಿನ ಉಗುರಿನಷ್ಟೇ ಚಿಕ್ಕದು, ಕಣ್ಣೀರಿನ ಚೀಲಕ್ಕೆ ಆಸರೆ. ಹೊರ ಅಂಚಿನ ಬಲ ನೋಡಿ ಒಳಗೋಡೆಯೂ ಹಾಗೇ ಇದೆಯೆಂದುಕೊಂಡರೆ ತಪ್ಪಾಯಿತು. ಮೂಗಿನ ಕಡೆಯ ಗೋಡೆ ಅರ್ಧ ಮಿಲಿಮೀಟರಿಗಿಂತಲೂ ತೆಳ್ಳಗಿದೆ. ಲ್ಯಾಟಿನ್‌ನಲ್ಲಿ ಅದಕ್ಕೆ ಕೊಟ್ಟ ಹೆಸರಿನ ಅರ್ಥವೇ ಕಾಗದದ ಹಾಳೆ. ಒಣಗಿದ ತಲೆಬುರುಡೆಯನ್ನು ಬೆಳಕಿಗೆ ಹಿಡಿದರೆ ಆ ಗೋಡೆಯ ಮೂಲಕ ಬೆಳಕು ಹಾಯುತ್ತದೆ. ಅದರ ಆಚೆಗೆ ಮೂಗಿನ ಪಕ್ಕದ ಗಾಳಿಗೂಡುಗಳು, ನಾವು ಸೈನಸ್ ಎನ್ನುವವು. ಕಣ್ಣಿನ ನೆಲದ ಕೆಳಗೆ ಕೆನ್ನೆಯ ದೊಡ್ಡ ಸೈನಸ್. ಚಾವಣಿಯ ಮೇಲೆ ಮಿದುಳು. ಕಣ್ಣಿನ ನೆರೆಹೊರೆ ಇಷ್ಟು ಹತ್ತಿರ.

2021ರ ಬೇಸಿಗೆಯನ್ನು ಮರೆತವರಿಲ್ಲ. ಕೊರೊನಾದ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಮೇ ತಿಂಗಳಲ್ಲಿ, ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡುವಂತೆ ಕೇಂದ್ರ ಸರಕಾರ ರಾಜ್ಯಗಳಿಗೆ ಸೂಚಿಸಿತು. ಆಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ಜನ ಊರೂರು ಅಲೆದರು. ಕೊರೊನಾದಿಂದ ಬದುಕಿ ಮನೆಗೆ ಬಂದವರು ವಾರ ಕಳೆಯುವುದರೊಳಗೆ ಒಂದು ಕಣ್ಣು ಕಳೆದುಕೊಂಡರು. ಎಷ್ಟೋ ರೋಗಿಗಳಲ್ಲಿ ಕಣ್ಣುಗುಡ್ಡೆಯಷ್ಟೇ ಅಲ್ಲ, ಗೂಡಿನೊಳಗಿನ ಎಲ್ಲವನ್ನೂ ತೆಗೆದುಹಾಕಬೇಕಾಯಿತು. ಆಗ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಉಸಿರಾಟದ ರೋಗ, ಮೂಗಿನಲ್ಲಿ ಬೂಷ್ಟು, ಕಣ್ಣು ಯಾಕೆ ಹೋಗಬೇಕು?

ಉತ್ತರ ಆ ಕಾಗದದ ಗೋಡೆಯಲ್ಲಿದೆ. ಈ ಶಿಲೀಂಧ್ರದ ಬೀಜಕಣಗಳು ಮಣ್ಣಿನಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಸ್ಟೀರಾಯ್ಡ್‌ನಿಂದ ಮೈಯ ಕಾವಲು ಸಡಿಲಾದಾಗ ಅದು ಮೂಗಿನಲ್ಲಿ ಬೇರುಬಿಡುತ್ತದೆ. ಅದಕ್ಕೆ ಪ್ರಿಯವಾದ ದಾರಿ ರಕ್ತನಾಳ. ನಾಳದ ಗೋಡೆಯನ್ನು ಹೊಕ್ಕು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ರಕ್ತ ಸಿಗದ ಅಂಗಾಂಶ ಸತ್ತು ಕಪ್ಪಾಗುತ್ತದೆ. ಕಪ್ಪು ಬಣ್ಣ ಶಿಲೀಂಧ್ರದ್ದಲ್ಲ, ಸತ್ತ ಮಾಂಸದ್ದು. ಮೂಗಿನಿಂದ ಸೈನಸ್, ಸೈನಸ್‌ನಿಂದ ತೆಳುಗೋಡೆ ದಾಟಿ ಕಣ್ಣಗೂಡು. ಗೋಡೆಯಲ್ಲಿ ರಕ್ತನಾಳ, ನರಗಳು ಹಾಯಲು ಸಣ್ಣ ತೂತುಗಳು ಮೊದಲೇ ಇವೆ, ಮುರಿಯುವ ಶ್ರಮವೂ ಬೇಡ. ಗೂಡಿನ ತುದಿಯಿಂದ ಮಿದುಳು ಬೆರಳಗಲದ ದೂರ. ಕಣ್ಣನ್ನು ತೆಗೆದ ವೈದ್ಯರು ಅಲ್ಲಿ ಉಳಿಸಹೊರಟದ್ದು ಜೀವವನ್ನು. ಈ ಮಾತನ್ನು ಅಂದು ಕುಟುಂಬದವರಿಗೆ ಕೂತು ಬಿಡಿಸಿ ಹೇಳುವಷ್ಟು ಸಮಯ ಯಾರಿಗೂ ಇರಲಿಲ್ಲ. ಕಣ್ಣು ಕಳೆದುಕೊಂಡವರ ಮನೆಗಳಲ್ಲಿ ಇವತ್ತಿಗೂ ಆ ಪ್ರಶ್ನೆ ಹಾಗೇ ಉಳಿದಿರುವುದು ನನ್ನನ್ನು ಕಾಡುತ್ತದೆ.

ಅಂಥ ಅಪರೂಪದ ಶಿಲೀಂಧ್ರವೇ ಬೇಕೆಂದಿಲ್ಲ. ಮಕ್ಕಳಲ್ಲಿ ನೆಗಡಿ ಸೈನಸ್‌ಗೆ ಇಳಿದು, ಸಾಮಾನ್ಯ ಬ್ಯಾಕ್ಟೀರಿಯಾಗಳೇ ಈ ಗೋಡೆ ದಾಟಿ ಗೂಡಿನಲ್ಲಿ ಕೀವು ಕಟ್ಟಬಲ್ಲವು. ರೆಪ್ಪೆ ಊದಿದ್ದೆಲ್ಲ ಕಣ್ಣುಕುರುವಲ್ಲ. ರೆಪ್ಪೆಯ ಒಳಗೊಂದು ತೆಳುವಾದ ಪರದೆ ಇದೆ. ಸೋಂಕು ಅದರ ಮುಂದೆಯೇ ನಿಂತರೆ ಬರೀ ಊತ, ಹಿಂದಕ್ಕೆ ದಾಟಿದರೆ ಅಪಾಯ. ಮನೆಯಲ್ಲೇ ತಿಳಿಯುವ ಗುರುತುಗಳಿವೆ: ಜ್ವರದೊಂದಿಗೆ ಕಣ್ಣು ಮುಂದಕ್ಕೆ ಉಬ್ಬುವುದು, ಅತ್ತಿತ್ತ ಹೊರಳಿಸಿದರೆ ನೋಯುವುದು, ಒಂದು ಎರಡಾಗಿ ಕಾಣುವುದು, ದೃಷ್ಟಿ ಮಂಕಾಗುವುದು. ಇವುಗಳಲ್ಲಿ ಒಂದು ಕಂಡರೂ ಅರಿಶಿನ, ಹರಳೆಣ್ಣೆ ಎಂದು ಕೂರಬಾರದು, ಬೆಳಗಾಗಲಿ ಎಂದು ಕಾಯಲೂಬಾರದು. ಮುಖದ ಮತ್ತು ಕಣ್ಣಿನ ಸಿರೆಗಳಲ್ಲಿ ರಕ್ತ ಮುಂದಕ್ಕೂ ಹರಿಯಬಲ್ಲದು, ಹಿಂದಕ್ಕೆ ಮಿದುಳಿನ ಬುಡದವರೆಗೂ ಹರಿಯಬಲ್ಲದು. ಮೂಗಿನ ಆಚೀಚೆಯ ಮೊಡವೆ, ಕುರುಗಳನ್ನು ಹಿಸುಕಬೇಡಿ ಎಂದು ಹಿರಿಯರು ಗದರಿಸುತ್ತಿದ್ದುದಕ್ಕೆ ಬಲವಾದ ಆಧಾರವಿದೆ.

ಇನ್ನು ನೆಲ. ಗಲ್ಲಿಯ ಕ್ರಿಕೆಟ್‌ನಲ್ಲಿ ಕಣ್ಣಿಗೆ ಚೆಂಡು ಬಡಿಯುವುದು ನಮ್ಮಲ್ಲಿ ನಿತ್ಯದ ಮಾತು. ಚೆಂಡು ಗೂಡಿನ ಬಾಯಿಗಿಂತ ದೊಡ್ಡದಾದರೆ ಹೊರ ಅಂಚು ಪೆಟ್ಟಿನ ಬಹುಪಾಲನ್ನು ತಡೆಯುತ್ತದೆ. ಆದರೂ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಆಗ ಗುಡ್ಡೆ ಒಡೆಯುವ ಬದಲು ಹಲವು ಸಲ ಗೂಡಿನ ನೆಲ ಕುಸಿದು ಕೆನ್ನೆಯ ಸೈನಸ್‌ಗೆ ಜಾರುತ್ತದೆ. ತೆಳ್ಳಗಿರುವುದೂ ಒಮ್ಮೊಮ್ಮೆ ಉಪಕಾರವೇ. ಕೆನ್ನೆ, ಮೇಲ್ದುಟಿ ಮರಗಟ್ಟಿದಂತಾದರೆ ಆ ನೆಲದಲ್ಲಿ ಹಾಯುವ ನರ ಜಜ್ಜಿದೆ ಎಂದು ಅರ್ಥ. ಅಂಥ ಪೆಟ್ಟಿನ ನಂತರ ಮೂಗು ಸೀನಿ ಸಿಂಬಳ ತೆಗೆಯಬಾರದು. ಸೈನಸ್‌ನ ಗಾಳಿ ಬಿರುಕಿನೊಳಗಿಂದ ಗೂಡಿಗೆ ನುಗ್ಗಿ ರೆಪ್ಪೆ ಬುರ್ರನೆ ಊದುತ್ತದೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಎಳೆಯ ಮೂಳೆ ಹಸಿ ಬಿದಿರಿನಂತೆ ಬಾಗುತ್ತದೆ. ಬಿರುಕು ಬಿಟ್ಟ ನೆಲ ಬಾಗಿಲಿನಂತೆ ತೆರೆದು ಮರುಕ್ಷಣ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಜಾರಿದ ಸ್ನಾಯುವನ್ನು ಕಚ್ಚಿ ಹಿಡಿಯುತ್ತದೆ. ಹೊರಗೆ ಕಣ್ಣು ಬೆಳ್ಳಗೇ ಇರುತ್ತದೆ, ಊತವೂ ಅಷ್ಟಿಲ್ಲ. ಮಗು ಮಾತ್ರ ಮೇಲಕ್ಕೆ ನೋಡಲಾರದು, ವಾಂತಿ ಮಾಡುತ್ತದೆ, ನಾಡಿ ನಿಧಾನವಾಗುತ್ತದೆ. ಕಣ್ಣಿನ ಸ್ನಾಯುವಿಗೂ ಹೃದಯದ ಬಡಿತಕ್ಕೂ ನರಗಳ ಮೂಲಕ ಸಂಬಂಧವಿದೆ, ಅದಕ್ಕೇ ಹೀಗೆ. ಮನೆಯವರು ಹೊಟ್ಟೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಸಿಕ್ಕಿಬಿದ್ದ ಸ್ನಾಯು ರಕ್ತವಿಲ್ಲದೆ ಸಾಯತೊಡಗಿರುತ್ತದೆ. ಬೇಗ ಬಿಡಿಸದಿದ್ದರೆ ಆ ಕಣ್ಣಿನ ಚಲನೆ ಮೊದಲಿನಂತಾಗುವುದು ಕಷ್ಟ.

ಗೋಡೆಯ ತೆಳುವನ್ನು ವೈದ್ಯರು ಬೇಕೆಂದೇ ಬಳಸಿಕೊಳ್ಳುವ ಸಂದರ್ಭವೂ ಇದೆ. ಗ್ರೇವ್ಸ್ ಎಂಬ ಥೈರಾಯ್ಡ್ ಕಾಯಿಲೆಯಲ್ಲಿ ಗೂಡಿನೊಳಗಿನ ಸ್ನಾಯು, ಕೊಬ್ಬು ಊದಿಕೊಳ್ಳುತ್ತವೆ. ಸುತ್ತಲೂ ಮೂಳೆ, ಮುಂದೆ ಮಾತ್ರ ಬಯಲು. ಕಣ್ಣು ಹೊರಕ್ಕೆ ತಳ್ಳಿಸಿಕೊಳ್ಳದೆ ಇನ್ನೇನು ಮಾಡೀತು? ಒತ್ತಡ ಹಿಂದಿನ ನರವನ್ನು ಹಿಸುಕತೊಡಗಿದರೆ, ಶಸ್ತ್ರವೈದ್ಯರು ಒಳಗೋಡೆಯನ್ನೂ ನೆಲವನ್ನೂ ಬಿಡಿಸಿ ಊದಿದ ಅಂಗಾಂಶಕ್ಕೆ ಸೈನಸ್‌ನಲ್ಲಿ ಜಾಗ ಮಾಡಿಕೊಡುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ಈ ಬಾಧೆ ಹೆಚ್ಚು ಉಗ್ರ ಎಂಬುದು ಚೆನ್ನಾಗಿ ಸಾಬೀತಾದ ಸಂಗತಿ.

ಗೋಡೆಯ ಮಾತು ಬಹಳವಾಯಿತು. ಈಗ ಕಟ್ಟುಗಳ ಕಡೆ ಬರೋಣ. ಪ್ರತಿ ಕಣ್ಣುಗುಡ್ಡೆಗೂ ಆರು ಸ್ನಾಯುಗಳು ಅಂಟಿಕೊಂಡಿವೆ. ನಾಲ್ಕು ನೇರ, ಎರಡು ಓರೆ. ನೇರವಾದ ನಾಲ್ಕೂ ಗೂಡಿನ ಹಿಂತುದಿಯ ಒಂದು ಉಂಗುರದಿಂದ ಹೊರಟು, ಕೊಡೆಯ ಕಡ್ಡಿಗಳ ಹಾಗೆ ಅಗಲಿಸುತ್ತ ಬಂದು ಗುಡ್ಡೆಯನ್ನು ಸುತ್ತ ಹಿಡಿಯುತ್ತವೆ. ನನಗೆ ಅತ್ಯಂತ ಸೋಜಿಗವೆನಿಸುವುದು ಮೇಲಿನ ಓರೆ ಸ್ನಾಯು. ಅದು ಹಿಂದಿನಿಂದ ಮುಂದಕ್ಕೆ ಬಂದು, ಮೂಗಿನ ಕಡೆಯ ಮೂಲೆಯಲ್ಲಿ ಬಾವಿಯ ರಾಟೆಯಂತಿರುವ ಒಂದು ಚಿಕ್ಕ ಬಳೆಯೊಳಗೆ ಹಾದು, ಹಗ್ಗ ತಿರುಗಿದ ಹಾಗೆ ತಿರುಗಿ ಹಿಂದಕ್ಕೆ ಹೋಗಿ ಕಣ್ಣಿಗೆ ಅಂಟುತ್ತದೆ. ಮೆಟ್ಟಿಲಿಳಿಯುವಾಗ, ಪುಸ್ತಕ ಓದುವಾಗ ನೋಟವನ್ನು ಕೆಳಕ್ಕೆ ಇಳಿಸುವುದರಲ್ಲಿ ಅದರ ಪಾಲು ದೊಡ್ಡದು. ಈ ಆರಕ್ಕೆ ಮೂರು ನರಗಳು ಅಪ್ಪಣೆ ಕೊಡುತ್ತವೆ. ಸಕ್ಕರೆ ಕಾಯಿಲೆಯವರಿಗೆ ಒಂದು ಬೆಳಗ್ಗೆ ಎದ್ದಾಗ ಎಲ್ಲವೂ ಜೋಡಿಜೋಡಿಯಾಗಿ ಕಂಡರೆ, ಇವುಗಳಲ್ಲೊಂದು ನರಕ್ಕೆ ರಕ್ತ ಕಡಿಮೆಯಾಗಿರುವುದು ಸಾಮಾನ್ಯ ಕಾರಣ. ಬಹುತೇಕ ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಆದರೂ ತೋರಿಸಿಕೊಳ್ಳದೆ ಇರಬಾರದು, ಮಿದುಳಿನ ತೊಂದರೆಯೂ ಹೀಗೇ ಶುರುವಾಗಬಹುದು.

ಆರು ಹಗ್ಗಗಳ ನಡುವೆ ಏಳನೆಯದು, ಎಲ್ಲಕ್ಕಿಂತ ಅಮೂಲ್ಯವಾದದ್ದು: ದೃಷ್ಟಿನರ. ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳ ಕಟ್ಟು. ಇದನ್ನು ನರ ಎಂದು ಕರೆಯುತ್ತೇವಾದರೂ ಇದು ಮಿದುಳೇ ಚಾಚಿದ ಕೈ. ಮಿದುಳಿನ ಮೇಲಿರುವ ಹೊದಿಕೆಗಳೇ ಇದರ ಮೇಲೂ ಇವೆ. ಗುಡ್ಡೆಯ ಹಿಂಭಾಗದಿಂದ ಗೂಡಿನ ತುದಿಯ ರಂಧ್ರಕ್ಕೆ ಇರುವ ದೂರ ಎರಡು ಸೆಂಟಿಮೀಟರಿನಷ್ಟು; ಆ ದಾರಿಯಲ್ಲಿ ನರದ ಉದ್ದ ಎರಡೂವರೆಯಿಂದ ಮೂರು. ಹೆಚ್ಚುವರಿ ಉದ್ದವನ್ನು ಅದು ಮೆಲ್ಲಗೆ ಬಳುಕಿ ಇಟ್ಟುಕೊಂಡಿದೆ. ಕಣ್ಣು ದಿನವಿಡೀ ಹೊರಳಿದರೂ ನರ ಜಗ್ಗಿ ಬಿಗಿಯಾಗದಿರಲು ಈ ಸಡಿಲ ಬೇಕೇಬೇಕು. ಗುಡ್ಡೆಯನ್ನು ಕೆನ್ನೆಯ ಮೇಲಿಡಲು ಮಾತ್ರ ಅದು ಸಾಲದು.

ರಂಧ್ರದ ಒಳಗೆ ಹೋದ ಮೇಲೆ ಸಡಿಲವಿಲ್ಲ. ಅಲ್ಲಿ ನರ ಮೂಳೆಯ ಕಿರಿದಾದ ಕೊಳವೆಗೆ ಅಂಟಿಕೊಂಡಿದೆ. ಬೈಕಿನಿಂದ ಬಿದ್ದು ಹುಬ್ಬಿನ ಹೊರತುದಿಗೆ ಪೆಟ್ಟು ಬಿದ್ದರೆ ಅದರ ಅಲೆ ಗೂಡಿನ ಚಾವಣಿಯಗುಂಟ ಹರಿದು ಆ ಕೊಳವೆಯನ್ನು ತಟ್ಟಬಹುದು. ಹುಬ್ಬಿನ ಮೇಲೆ ಎರಡು ಹೊಲಿಗೆಯ ಗಾಯ, ಕಣ್ಣಿಗೆ ಗೀರೂ ಇಲ್ಲ, ದೃಷ್ಟಿ ಮಾತ್ರ ಆರಿಹೋಗಿರುತ್ತದೆ. ಸತ್ತ ದೃಷ್ಟಿನರವನ್ನು ಮತ್ತೆ ಬೆಳೆಸುವ ಮದ್ದು ಇನ್ನೂ ಇಲ್ಲ. ಹೆಲ್ಮೆಟ್ಟನ್ನು ಕೈಗೆ ನೇತುಹಾಕಿಕೊಂಡು ಗಾಡಿ ಓಡಿಸುವ ಹುಡುಗರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಆ ಕೊಳವೆ.

ಮುಂದುಗಡೆಯೂ ಗೂಡು ತೆರೆದ ಬಾಯಿಯಲ್ಲ. ರೆಪ್ಪೆಯ ಒಳಮೈಯನ್ನು ಹೊದ್ದ ನುಣುಪಾದ ಪದರವೇ ಮಡಚಿ ಬಂದು ಕಣ್ಣಿನ ಬಿಳಿಭಾಗವನ್ನೂ ಮುಚ್ಚುತ್ತದೆ. ಹೊಲಿದ ಚೀಲದಂತೆ ಸುತ್ತಲೂ ಅದು ಮುಚ್ಚಿಕೊಂಡಿದೆ. ಬಿದ್ದ ಕಸ, ಜಾರಿದ ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿಬಿಡುತ್ತದೆಂಬ ದಿಗಿಲು ಬೇಡ, ಮಡಿಕೆಯಲ್ಲಿ ಸಿಕ್ಕಿರುತ್ತದೆ ಅಷ್ಟೆ. ದಾರಿ ಇರುವುದು ಒಂದೇ, ಮೂಗಿನ ಬದಿಯ ಮೂಲೆಯಲ್ಲಿರುವ ಸೂಜಿಮೊನೆಯಷ್ಟು ತೂತುಗಳು. ಕಣ್ಣೀರು ಅಲ್ಲಿಂದ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದೂ ಕಣ್ಣಿಗೆ ಹಾಕಿದ ಹನಿಯ ಕಹಿ ಗಂಟಲಿಗೆ ತಿಳಿಯುವುದೂ ಇದರಿಂದಲೇ.

ಇಷ್ಟೆಲ್ಲ ಕಟ್ಟಿನ ನಡುವೆ ಇರುವ ಕಣ್ಣನ್ನು ಕಿತ್ತು ತೊಳೆದಿಡುವ ಮಾತು ಹೇಗೆ ಹುಟ್ಟಿತೋ. ಪೊರೆ ಎಂಬ ಹೆಸರೂ ಜನರನ್ನು ದಾರಿ ತಪ್ಪಿಸಿದೆ. ಹಾಲಿನ ಕೆನೆಯಂತೆ ಕಣ್ಣಿನ ಮೇಲೆ ಏನೋ ಕಟ್ಟಿದೆ, ಅದನ್ನು ಕೆರೆದು ತೆಗೆಯುತ್ತಾರೆ ಎಂಬ ಭಾವನೆ. ಕಟ್ಟಿದ್ದು ಏನೂ ಇಲ್ಲ. ಪಾಪೆಯ ಹಿಂದಿರುವ ಮಸೂರ ವಯಸ್ಸಿನೊಂದಿಗೆ ತಿಳಿಗೆಟ್ಟಿದೆ. ಅದಕ್ಕೂ ಮುಂಚೆ, ನಲವತ್ತರ ಸುಮಾರಿಗೆ, ಅದೇ ಮಸೂರ ಬಿರುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕೆ ಚಾಳೀಸು ಎನ್ನುವುದು ಆ ವಯಸ್ಸಿನ ಲೆಕ್ಕದಿಂದಲೇ. ಈಗಿನ ಶಸ್ತ್ರಕ್ರಿಯೆಯಲ್ಲಿ ಮೂರು ಮಿಲಿಮೀಟರಿಗೂ ಕಿರಿದಾದ ಸೀಳಿನಿಂದ ಉಪಕರಣ ಒಳಗಿಳಿಸಿ, ಮಬ್ಬಾದ ಮಸೂರವನ್ನು ಪುಡಿಮಾಡಿ ಹೀರಿ, ಮಡಚಿದ ಕೃತಕ ಮಸೂರವನ್ನು ಅದೇ ದಾರಿಯಲ್ಲಿ ಬಿಡುತ್ತಾರೆ. ಅದು ಒಳಗೆ ತಾನೇ ಅರಳಿಕೊಳ್ಳುತ್ತದೆ. ಬೀಳಗಿಯವರಾದ ಡಾ. ಎಂ. ಸಿ. ಮೋದಿ ಊರೂರಿಗೆ ಶಿಬಿರ ಹೊತ್ತು ಸಾವಿರಾರು ಬಡವರ ಪೊರೆ ತೆಗೆದ ಕಾಲದಲ್ಲಿ ಸೀಳು ದೊಡ್ಡದಿತ್ತು, ಆಮೇಲೆ ಸೋಡಾಬುಡ್ಡಿ ಕನ್ನಡಕ ಬೇಕಿತ್ತು. ಆಗಲೂ ಗುಡ್ಡೆ ಗೂಡು ಬಿಟ್ಟು ಅಲುಗಿದ್ದಿಲ್ಲ.

ಬೇಡರ ಕಣ್ಣಪ್ಪನ ಕಥೆ ಕೇಳದ ಕನ್ನಡಿಗರಿಲ್ಲ. ಶಿವನ ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಇಟ್ಟ ಬೇಡ. 1954ರಲ್ಲಿ ಅದೇ ಕಥೆಯ ಚಿತ್ರದಿಂದ ರಾಜ್‌ಕುಮಾರ್ ನಾಯಕರಾಗಿ ಪರದೆಗೆ ಬಂದರು. 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳ ದಾನವಾಯಿತು. ಆದರೆ ವೈದ್ಯರು ಕೊಡಿಸಬಲ್ಲದ್ದು ಕಣ್ಣಪ್ಪ ಕೊಟ್ಟಂಥ ಇಡೀ ಕಣ್ಣನ್ನಲ್ಲ. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ, ವಿದ್ಯುತ್ ಅಪಘಾತದಲ್ಲಿ ಮುಖ ಸುಟ್ಟ ಒಬ್ಬರಿಗೆ ಮೊದಲ ಬಾರಿಗೆ ಇಡೀ ಕಣ್ಣನ್ನು ಕಸಿ ಮಾಡಿದರು. ರಕ್ತ ಹರಿಯಿತು, ಗುಡ್ಡೆ ಬದುಕಿ ಉಳಿಯಿತು. ದೃಷ್ಟಿ ಬರಲಿಲ್ಲ. ಕಡಿದ ಹತ್ತು ಲಕ್ಷ ಎಳೆಗಳನ್ನು ಒಂದಕ್ಕೊಂದು ಹೊಂದಿಸಿ ಮಿದುಳಿನವರೆಗೆ ಬೆಳೆಸುವ ವಿದ್ಯೆ ಕೈಗೆ ಬಂದಿಲ್ಲ.

ಕೊಡಲು ಬರುವುದು ಕಾರ್ನಿಯಾ, ಕಣ್ಣಿನ ಮುಂದಿನ ಗಾಜು. ಅರ್ಧ ಮಿಲಿಮೀಟರಿನಷ್ಟು ದಪ್ಪ, 11-12 ಮಿಲಿಮೀಟರ್ ಅಗಲ. ಅದರಲ್ಲಿ ಒಂದೂ ರಕ್ತನಾಳವಿಲ್ಲ. ಇದ್ದಿದ್ದರೆ ಬೆಳಕು ತಿಳಿಯಾಗಿ ಹಾಯುತ್ತಿರಲಿಲ್ಲ. ಬೇಕಾದ ಆಮ್ಲಜನಕವನ್ನು ಬಹುಪಾಲು ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ಹಾಗಾಗಿ ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಹೊಲಿಯಲು ಸಾಧ್ಯ. ಇದನ್ನು ಮೊದಲು ಯಶಸ್ವಿಯಾಗಿ ಮಾಡಿದವರು ಮೊರಾವಿಯಾದ ಓಲೊಮೌತ್ಸ್ ಪಟ್ಟಣದ ಎಡುವರ್ಡ್ ಜಿರ್ಮ್, 1905ರ ಡಿಸೆಂಬರಿನಲ್ಲಿ. ಅವರ ರೋಗಿ ಸುಣ್ಣ ಸಿಡಿದು ಎರಡೂ ಕಣ್ಣು ಸುಟ್ಟುಕೊಂಡಿದ್ದ ಕೂಲಿಯವನು. ಸುಣ್ಣ ಇಂದಿಗೂ ನಮ್ಮ ಮನೆಗಳಲ್ಲಿದೆ. ಎಲೆಅಡಿಕೆಯ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಕ್ಕಿ, ಹಿಸುಕಿದಾಗ ಒಡೆದು ಕಣ್ಣಿಗೆ ಹಾರುತ್ತದೆ. ಹಾಗಾದರೆ ಆಸ್ಪತ್ರೆಗೆ ಓಡುವ ಮೊದಲೇ, ನಿಂತ ಜಾಗದಲ್ಲೇ, ರೆಪ್ಪೆ ಬಿಡಿಸಿ ಧಾರಾಳವಾಗಿ ನೀರು ಸುರಿಯುತ್ತಲೇ ಇರಬೇಕು. ಮೊದಲ ಕೆಲವು ನಿಮಿಷದ ನೀರು ಉಳಿಸುವಷ್ಟನ್ನು ಆಮೇಲಿನ ಯಾವ ಮದ್ದೂ ಉಳಿಸಲಾರದು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಅವರ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಕೊಡಿಸಿದರು. ಒಂದೊಂದನ್ನೂ ಎರಡು ಪದರವಾಗಿ ಸೀಳಿದರು. ಮುಂದಿನ ಪದರ ಕೆಟ್ಟವರಿಗೆ ಮುಂದಿನದು, ಹಿಂದಿನದು ಕೆಟ್ಟವರಿಗೆ ಹಿಂದಿನದು. ಆ ನಂತರ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲೇ ಬೆಳೆಯಿತು. ಹೆಸರು ಬರೆಸಿದರೆ ಸಾಲದು. ಸಾವಾದ ಆರು ಗಂಟೆಯೊಳಗೆ ಮನೆಯವರೇ ಕರೆ ಮಾಡಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯನ್ನು ದಿಂಬಿನ ಮೇಲೆ ತುಸು ಎತ್ತರಿಸಬೇಕು, ಫ್ಯಾನ್ ನಿಲ್ಲಿಸಬೇಕು. ಕನ್ನಡಕ ಹಾಕುತ್ತಿದ್ದವರು, ಪೊರೆ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಮನೆಯವರು ಹಿಂಜರಿಯುವುದು ಹೆಚ್ಚಾಗಿ ಆ ಒಂದು ಚಿತ್ರಕ್ಕೆ: ಖಾಲಿ ಗೂಡುಗಳ ಮುಖ. ಈಗ ಬಹುತೇಕ ಕಡೆ ತೆಗೆಯುವುದು ಕಾರ್ನಿಯಾವನ್ನು ಮಾತ್ರ. ಅದರ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಸಣ್ಣ ಟೊಪ್ಪಿಗೆಯನ್ನಿಟ್ಟು ರೆಪ್ಪೆ ಮುಚ್ಚುತ್ತಾರೆ. ಇಪ್ಪತ್ತು ನಿಮಿಷದ ಕೆಲಸ.

ಅಜ್ಜಿ ತೀರಿಕೊಂಡ ರಾತ್ರಿ ಅಪ್ಪ ಫೋನ್ ಮಾಡಿದ. ಇಬ್ಬರು ಬಂದರು, ಬಾಗಿಲು ಓರೆ ಮಾಡಿಕೊಂಡರು, ಹೋದರು. ಬೆಳಗ್ಗೆ ಮುಖ ನೋಡಲು ಬಂದ ಪಕ್ಕದ ಮನೆಯಾಕೆ ಬಹಳ ಹೊತ್ತು ಬಾಗಿ ನೋಡಿ, ಅಜ್ಜಿ ಮಲಗಿದ ಹಾಗೇ ಇದ್ದಾಳೆ ಅಂದಳು.